ಉಜ್ಜಿದಾಗ ಉದುರೋದೆಲ್ಲ ಕೊಳೆ ಅಲ್ಲ

ಸಂಕ್ರಾಂತಿ ಹತ್ತಿರ ಬಂತೆಂದರೆ ನನ್ನ ಕ್ಲಿನಿಕ್ಕಿಗೆ ಮೈಕೆರೆತದವರು ಜಾಸ್ತಿ ಬರುತ್ತಾರೆ. ಮೊನ್ನೆ ಬಂದ ಅಜ್ಜಿಯೊಬ್ಬರು ಸೀರೆ ತುಸು ಮೇಲೆತ್ತಿ ಮೊಣಕಾಲ ಕೆಳಗೆ ತೋರಿಸಿದರು. ಬತ್ತಿದ ಕೆರೆಯಂಗಳದ ಹಾಗೆ ಬಿರುಕೋ ಬಿರುಕು, ಬಿರುಕಿನ ಅಂಚೆಲ್ಲ ಕೆಂಪು. "ದಿನಾ ಎರಡು ಹೊತ್ತು ಸುಡುನೀರಲ್ಲಿ ಸೋಪು ಹಾಕಿ, ಕಲ್ಲಲ್ಲಿ ಉಜ್ತೀನಿ ಡಾಕ್ಟ್ರೇ. ಎಷ್ಟು ಉಜ್ಜಿದ್ರೂ ಕೊಳೆ ಬರ್ತಾನೇ ಇರುತ್ತೆ" ಅಂದರು.

ಬರುತ್ತಲೇ ಇರುತ್ತದೆ. ಬೆರಳಡಿ ಸುರುಳಿ ಸುತ್ತಿ ಬರುತ್ತದಲ್ಲ, ಅದರಲ್ಲಿ ಧೂಳು, ಜಿಡ್ಡು ಸ್ವಲ್ಪ ಇರುತ್ತದೆ, ಉಳಿದದ್ದು ಚರ್ಮವೇ.

ಚರ್ಮದ ಹೊರಪದರದ ತಳದಲ್ಲಿ ದಿನವೂ ಹೊಸ ಜೀವಕೋಶಗಳು ಹುಟ್ಟುತ್ತವೆ. ಹಿಂದಿನಿಂದ ಬಂದವು ತಳ್ಳಿದ ಹಾಗೆ ಮೇಲಕ್ಕೆ ಸರಿಯುತ್ತ, ಚಪ್ಪಟೆಯಾಗುತ್ತ, ಕೂದಲು-ಉಗುರಿನಲ್ಲಿರುವ ಅದೇ ಕೆರಾಟಿನ್ ತುಂಬಿಕೊಂಡು ಗಟ್ಟಿಯಾಗಿ, ಮೇಲೆ ಮುಟ್ಟುವಷ್ಟರಲ್ಲಿ ಸತ್ತಿರುತ್ತವೆ. ಹುಟ್ಟಿ ಉದುರುವುದಕ್ಕೆ ಸುಮಾರು 4 ವಾರ, ವಯಸ್ಸಾದವರಲ್ಲಿ ಇನ್ನೂ ನಿಧಾನ. ಸತ್ತವು ಅಂತ ಕಸವಲ್ಲ, ನಿಜವಾದ ಕಾವಲು ಅವುಗಳದ್ದೇ. ಮೈಯ ಬಹುತೇಕ ಕಡೆ ಇವು 15-20 ಸಾಲು, ಇಟ್ಟಿಗೆ ಜೋಡಿಸಿದ ಹಾಗೆ ಕೂತಿರುತ್ತವೆ, ನಡುವೆ ಗಾರೆಯ ಹಾಗೆ ಕೊಬ್ಬಿನಂಶ. ಒಟ್ಟು ಸೇರಿದರೂ ಕಾಗದದ ಹಾಳೆಗಿಂತ ತೆಳು! ಒಳಗಿನ ನೀರು ಆರದಂತೆ, ಹೊರಗಿನ ರೋಗಾಣು ನುಗ್ಗದಂತೆ ತಡೆಯುವುದು ಇಷ್ಟೇ ಇಷ್ಟು ಗೋಡೆ. ರಕ್ತನಾಳ, ನರ, ಬೆವರಿನ ಗ್ರಂಥಿ ಎಲ್ಲ ಇದರ ಕೆಳಗಿನ ದಪ್ಪ ಪದರದಲ್ಲಿವೆ, ಅದರಡಿ ಕೊಬ್ಬು.

ಸುಡುನೀರು, ಸೋಪು ಎರಡೂ ಸೇರಿ ಗಾರೆ ತೊಳೆದುಹಾಕುತ್ತವೆ. ಚರ್ಮದ ಮೇಲ್ಮೈ ತುಸು ಆಮ್ಲೀಯ, ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) 5ರ ಆಸುಪಾಸು. ಮಾಮೂಲಿ ಸೋಪಿನದು 9-10, ಅಂದರೆ ಕ್ಷಾರ. ಆಮೇಲೆ ಕಲ್ಲು ಬಂದು ಇಟ್ಟಿಗೆಯನ್ನೂ ಕೀಳುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಚರ್ಮ ಒಣಗುತ್ತದೆ, ಕೆರೆತ ಶುರು. ಕೆರೆತ ಬಂತು ಅಂತ ಮತ್ತೆ ಉಜ್ಜುತ್ತಾರೆ. ಮೊಣಕಾಲ ಕೆಳಗೆ ಎಣ್ಣೆ ಗ್ರಂಥಿಗಳು ಮೊದಲೇ ಕಡಿಮೆ. ಅಂಗಾಲಲ್ಲಂತೂ ಒಂದೂ ಇಲ್ಲ, ಹಿಮ್ಮಡಿ ಬೇಗ ಒಡೆಯೋದು ಅದಕ್ಕೇ.

"ಕಲ್ಲು ಬಿಡಿ ಅಜ್ಜಿ" ಅಂದೆ. ಉಗುರು ಬೆಚ್ಚಗಿನ ನೀರು ಸಾಕು. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ. ಟವೆಲ್ಲಿನಿಂದ ತಿಕ್ಕದೆ ಸುಮ್ನೆ ಒತ್ತಿ ಒರೆಸಿ, ಮೈ ಇನ್ನೂ ಹಸಿ ಇರುವಾಗಲೇ ವ್ಯಾಸಲಿನ್ನೋ ಕೊಬ್ಬರಿ ಎಣ್ಣೆಯೋ ಹಚ್ಚಬೇಕು. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅಷ್ಟು ಪ್ರಯೋಜನವಿಲ್ಲ, ಏಕೆಂದರೆ ಇವು ನೀರು ಕೊಡುವುದಿಲ್ಲ, ಇರುವ ನೀರನ್ನು ಹಿಡಿದಿಡುತ್ತವೆ ಅಷ್ಟೇ. ಕೆಂಪಾದ ಜಾಗಕ್ಕೆ ಕೆಲವು ದಿನಕ್ಕೆ ಮುಲಾಮು ಬರೆದುಕೊಟ್ಟೆ, ಅದನ್ನು ಮುಖಕ್ಕೆ ಹಚ್ಚಬೇಡಿ ಅಂತ ಎರಡು ಸಲ ಹೇಳಿ ಕಳಿಸಿದೆ. ಮುಖದ ಚರ್ಮ ತೆಳು, ಔಷಧಿ ಜಾಸ್ತಿ ಹೀರುತ್ತದೆ.

ಹಿಮ್ಮಡಿ ಒಡೆದವರು ರಾತ್ರಿ ಹತ್ತು ನಿಮಿಷ ಕಾಲು ನೆನೆಸಿ, ಒರೆಸಿ, ಯೂರಿಯಾ ಇರುವ ಕ್ರೀಮ್ ಹಚ್ಚಿ ಹತ್ತಿ ಕಾಲುಚೀಲ ಹಾಕಿಕೊಂಡು ಮಲಗಿ. ಸಕ್ಕರೆ ಕಾಯಿಲೆ ಇದ್ದರೆ ನೆನೆಸುವುದೂ ಬೇಡ, ಬ್ಲೇಡಿನಿಂದ ಹೆರೆಯುವುದಂತೂ ಬೇಡವೇ ಬೇಡ. ಕಾಲಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಗಾಯವಾದದ್ದೇ ಗೊತ್ತಾಗುವುದಿಲ್ಲ. ದಿನಾ ಒಂದು ಸಲ ಪಾದ ತಿರುಗಿಸಿ ನೋಡಿಕೊಳ್ಳಿ, ಕಾಣದಿದ್ದರೆ ಮನೆಯವರಿಗೆ ತೋರಿಸಿ.