ದೇವರ ದಯೆ ಇದೆ, ನೋವೂ ಇದೆ

ಮುಂಬೈಯ ಕನ್ನಡಿಗರ ಮನೆಗಳಿಗೆ, ಕ್ಯಾನ್ಸರ್ ಮುಂದುವರಿದವರನ್ನು ನೋಡಲು ಹೋದಾಗ ನಾನು ಮೊದಲು ಕೇಳುವುದು ನೋವಿನ ಬಗ್ಗೆ. ಬರುವ ಉತ್ತರ ಹೆಚ್ಚುಕಡಿಮೆ ಒಂದೇ: "ದೇವರ ದಯೆ, ಏನೂ ತೊಂದರೆ ಇಲ್ಲ ಡಾಕ್ಟ್ರೇ." ಹಾಗೆನ್ನುವಾಗಲೇ ಕೈ ಸೊಂಟವನ್ನು ಒತ್ತಿ ಹಿಡಿದಿರುತ್ತದೆ. ಅವರದು ಸುಳ್ಳಲ್ಲ. ನೋವು ತೋಡಿಕೊಂಡರೆ ದೇವರು ಕೊಟ್ಟದ್ದನ್ನೆಲ್ಲ ಮರೆತಂತಾಗುತ್ತದೆ ಎಂಬ ಅಳುಕು.

ಈ ಅಳುಕಿನಿಂದ ಎಷ್ಟೋ ಜನ ಸುಮ್ಮನೆ ನರಳುತ್ತಾರೆ. ಅದು ನನಗೆ ನಿಜಕ್ಕೂ ಸಂಕಟದ ವಿಷಯ.

ಡೊಂಬಿವಲಿಯಲ್ಲಿ ನಾನು ನೋಡುತ್ತಿದ್ದ, ಕುಂದಾಪುರ ಕಡೆಯ ಒಬ್ಬ ಅಮ್ಮ ಕೃತಜ್ಞತೆ, ನೋವಿನ ದೂರು ಎರಡನ್ನೂ ಜೊತೆಗಿಟ್ಟುಕೊಂಡಿದ್ದರು. ಕೀಮೋದಿಂದ ಬೆರಳ ತುದಿಗಳು ಜೋಮು ಹಿಡಿದಿದ್ದವು. ಬೆಂಕಿಕಡ್ಡಿ ಗೀರಲು ಆಗುತ್ತಿರಲಿಲ್ಲ. ಸಂಜೆ ಮೊಮ್ಮಗಳು ಗೀರಿ ಕೊಟ್ಟರೆ ಇವರು ಎರಡೂ ಕೈಯಿಂದ ಹಿಡಿದು ದೀಪ ಹಚ್ಚುತ್ತಿದ್ದರು. ಆಮೇಲೆ ದೇವರಿಗೆ ಅಂದಿನ ವರದಿ ಒಪ್ಪಿಸುತ್ತಿದ್ದರು. ಬೆಳಿಗ್ಗೆ ಕುಡಿದ ಗಂಜಿ ವಾಂತಿಯಾಗಲಿಲ್ಲ. ಮಗ ಲೋಕಲ್ ಹಿಡಿಯುವ ಗಡಿಬಿಡಿಯಲ್ಲೂ ಕಾಲು ಒತ್ತಿ ಹೋದ. ಮಗು ಕಡ್ಡಿ ಗೀರಿ ಕೊಟ್ಟಳು. ಕೊನೆಗೆ, "ಸ್ವಾಮೀ, ರಾತ್ರಿ ಎರಡು ಗಂಟೆಗೆ ಬೆನ್ನು ಹಿಡಿದುಕೊಳ್ಳುತ್ತದೆ, ಅದನ್ನೂ ನೀನೇ ನೋಡಿಕೋ."

ನನಗೆ ಬೇಕಿದ್ದದ್ದು ಆ ಕೊನೆಯ ಮಾತು. ಅವರು ನೋವಿಗೆ ತೆಗೆದುಕೊಳ್ಳುತ್ತಿದ್ದ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು 4 ಗಂಟೆಯಷ್ಟೇ. ಹತ್ತಕ್ಕೆ ನುಂಗಿದ್ದು ಎರಡಕ್ಕೆ ಇಳಿಯುತ್ತಿತ್ತು. ಮಲಗುವ ಹೊತ್ತಿನ ಡೋಸ್ ಬದಲಿಸಿದ ಮೇಲೆ ನಿದ್ದೆ ಬಂತು.

ನಮ್ಮ ಭಕ್ತಿಯಲ್ಲಿ ಈ ಸಲುಗೆ ಮೊದಲಿನಿಂದಲೂ ಇದೆ. ದಾಸರ ನಿಂದಾಸ್ತುತಿಗಳಲ್ಲಿ ದೇವರನ್ನು ತರಾಟೆಗೆ ತೆಗೆದುಕೊಳ್ಳುವುದೂ ಭಕ್ತಿಯೇ. ಹಾಗಿರುವಾಗ ಡಾಕ್ಟರ ಮುಂದೆ ಸಂಕೋಚವೇಕೆ? ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು, ಯಾವ ಹೊತ್ತಿಗೆ, ಎಲ್ಲಿ ಎಂದು ಹೇಳಿ. "ನೋವು ಸಹಿಸಿದರೆ ಕರ್ಮ ಸವೆಯುತ್ತದೆ" ಎಂದು ಮಾತ್ರೆ ತಳ್ಳುವವರಿಗೆ ನಾನು ಹೇಳುವುದಿಷ್ಟೇ: ನೋವು ತಗ್ಗಿದರೆ ಹತ್ತು ನಿಮಿಷ ಕೂತು ಜಪ ಮಾಡಬಹುದು. ಲಂಡನ್ನಿನಲ್ಲಿ 1967ರಲ್ಲಿ, ಕೊನೆಗಾಲದ ರೋಗಿಗಳ ಆರೈಕೆಗೆಂದು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್, ರೋಗಿಯ ನೋವಿನಲ್ಲಿ ದೇಹ, ಮನಸ್ಸು, ಸಂಸಾರ, ನಂಬಿಕೆ ಎಲ್ಲವೂ ಹೆಣೆದುಕೊಂಡಿವೆ ಎಂದು ಕಲಿಸಿದರು. ನನ್ನ ಅನುಭವವೂ ಅದೇ.

ಆ ಅಮ್ಮನಂತೆ ಸಿಕ್ಕಿದ್ದನ್ನು ದಿನಕ್ಕೊಂದಿಷ್ಟು ನೆನೆಯುವುದರಿಂದ ಏನು ಸಿಗುತ್ತದೆ? 2003ರಲ್ಲಿ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ ಪ್ರಕಟಿಸಿದ ಅಧ್ಯಯನಗಳ ಪೈಕಿ ಒಂದರಲ್ಲಿ, ನರ-ಸ್ನಾಯು ರೋಗ ಇದ್ದವರು ಕೃತಜ್ಞತೆಯ ಸಂಗತಿಗಳನ್ನು 21 ದಿನ ಬರೆದರು. ಬರೆಯದವರಿಗಿಂತ ಅವರ ಮನಸ್ಸು ಹಗುರವಾಗಿತ್ತು, ನಿದ್ದೆಯೂ ಚೆನ್ನಾಗಿತ್ತು. ಕಾಯಿಲೆ ವಾಸಿಯಾಯಿತು ಎಂದು ಅದು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ನಿದ್ದೆಯ ಬೆಲೆ ರೋಗಿಗೆ ಗೊತ್ತು.

"ಎಲ್ಲದಕ್ಕೂ ವಂದನೆ" ಎಂದರೆ ಮನಸ್ಸಿಗೆ ಏನೂ ತಾಗುವುದಿಲ್ಲ. ಅಂದು ನಡೆದ ಒಂದೆರಡು ಸಣ್ಣ ಸಂಗತಿಗಳನ್ನು ಹೆಸರು ಹಿಡಿದು ನೆನೆಯಿರಿ. ಬರೆಯಲಾಗದಿದ್ದರೆ ಬಾಯಲ್ಲಿ ಹೇಳಿದರೆ ಸಾಕು.

ಆಚರಣೆಯ ಬಗ್ಗೆ ಒಂದೆರಡು ಮಾತು, ಏಕೆಂದರೆ ಭಕ್ತಿಯಿಂದಲೇ ಅಪಾಯ ತಂದುಕೊಂಡವರಿದ್ದಾರೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಬಾಳೆಹಣ್ಣು, ಎಳನೀರಿನಲ್ಲಿರುವ ಪೊಟ್ಯಾಶಿಯಂ ಹೃದಯದ ಬಡಿತವನ್ನೇ ಕೆಡಿಸಬಹುದು. ಪಂಚಾಮೃತವನ್ನು ಕಣ್ಣಿಗೊತ್ತಿಕೊಂಡರೂ ಪ್ರಸಾದ ಸಂದಂತೆಯೇ. ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಏಕಾದಶಿ ಉಪವಾಸ ಹಿಡಿಯಬಾರದು. ಕೀಮೋ ಆಗಿ ಬಿಳಿ ರಕ್ತಕಣ ಇಳಿದಿರುವಾಗ ದೇವಸ್ಥಾನದ ನೂಕುನುಗ್ಗಲು ಬೇಡ.

ಮನೆಯವರಲ್ಲಿ ಒಂದು ಬೇಡಿಕೆ. "ಪಾಸಿಟಿವ್ ಆಗಿರಿ, ದೇವರನ್ನು ನೆನೆಯಿರಿ" ಎಂದು ರೋಗಿಯ ಬೆನ್ನು ಹತ್ತಬೇಡಿ. ಸ್ಕ್ಯಾನ್ ರಿಪೋರ್ಟ್ ಕೆಟ್ಟು ಬಂದ ದಿನ ಯಾರ ಬಾಯಿಂದಲೂ ವಂದನೆ ಹೊರಡುವುದಿಲ್ಲ. ಅಂಥ ಸಂಜೆ ದೀಪ ನೀವೇ ಹಚ್ಚಿ, ನಿಮ್ಮ ಪಾಲಿನದನ್ನು ನೀವು ಹೇಳಿಕೊಳ್ಳಿ. ಅವರು ಗೋಡೆಗೆ ಮುಖ ಮಾಡಿ ಮಲಗಿದ್ದರೆ ಮಲಗಿರಲಿ.