ಡೈನೋಸಾರ್ ಕಂಡೆ ಎಂದವನ ಬಳಿ ಪುರಾವೆ ಏನಿತ್ತು?

ಇಲ್ಲದ ಪ್ರಾಣಿಯನ್ನು ಇದೆ ಎಂದು ತೋರಿಸುವುದು ನನ್ನ ಹೊಟ್ಟೆಪಾಡು. ಸಿನಿಮಾದಲ್ಲಿ ವಿಎಫ್‌ಎಕ್ಸ್ ಎಂಬ ಮೂರಕ್ಷರದ ಹೆಸರಿನಲ್ಲಿ ನಡೆಯುವ ಈ ಕಸುಬನ್ನು ಬಿಚ್ಚಿ ಹೇಳಿದರೆ, ಸುಳ್ಳು ಸಾಕ್ಷ್ಯ ಸೃಷ್ಟಿಸುವ ಕೆಲಸ. ಹೊಸದಾಗಿ ಸ್ಟುಡಿಯೋಗೆ ಸೇರುವ ಹುಡುಗ ಹುಡುಗಿಯರಿಗೆ ಸಾಫ್ಟ್‌ವೇರ್ ಕಲಿಸುವವರು ಬೇಕಾದಷ್ಟು ಜನರಿದ್ದಾರೆ. ನಾನು ಅವರಿಗೆ ಒಂದು ಹಳೆಯ ಕಾದಂಬರಿ ಓದಲು ಹೇಳುತ್ತೇನೆ. ಆರ್ಥರ್ ಕಾನನ್ ಡಾಯ್ಲ್ ಬರೆದ ‘ದಿ ಲಾಸ್ಟ್ ವರ್ಲ್ಡ್’ ಅದು. 1912ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ ‘ದಿ ಸ್ಟ್ರಾಂಡ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ದಕ್ಷಿಣ ಅಮೆರಿಕದ ಕಾಡಿನ ನಡುವೆ ಕಡಿದಾದ ಬಂಡೆಗಳ ಮೇಲೊಂದು ಪ್ರಸ್ಥಭೂಮಿ, ಅಲ್ಲಿ ಇನ್ನೂ ಅಳಿಯದೆ ಉಳಿದ ಡೈನೋಸಾರ್‌ಗಳು, ಅವನ್ನು ಹುಡುಕಿ ಹೊರಟ ನಾಲ್ವರು. ಕಥೆ ಇಷ್ಟೇ ಎಂದು ಎಲ್ಲರೂ ತಿಳಿದಿದ್ದಾರೆ. ಓದಿದವರಿಗೆ ಗೊತ್ತು, ಕಾದಂಬರಿಯ ಜೀವ ಇರುವುದು ಪ್ರಾಣಿಗಳಲ್ಲಿ ಅಲ್ಲ, ಪುರಾವೆಯ ಜಗಳದಲ್ಲಿ.

ನಾಲ್ಕನೆಯ ಅಧ್ಯಾಯವನ್ನೇ ನೋಡಿ. ಪ್ರೊಫೆಸರ್ ಚಾಲೆಂಜರ್ ತನ್ನ ಮನೆಯಲ್ಲಿ ಯುವ ವರದಿಗಾರ ಮಾಲೋನ್‌ನನ್ನು ಕೂರಿಸಿಕೊಂಡು ಒಂದೊಂದೇ ವಸ್ತು ತೆಗೆದು ತೋರಿಸುತ್ತಾನೆ. ಮೊದಲು ಮೇಪಲ್ ವೈಟ್ ಎಂಬ ಸತ್ತುಹೋದ ಚಿತ್ರಕಾರನ ಸ್ಕೆಚ್ ಪುಸ್ತಕ. ಅದರಲ್ಲಿ ಸ್ಟೆಗೊಸಾರಸ್‌ನಂಥ ಪ್ರಾಣಿಯ ಚಿತ್ರ, ಮುಂದೆ ಒಬ್ಬ ಪುಟ್ಟ ಮನುಷ್ಯ. ಇಷ್ಟು ಪುಟ್ಟ ಮನುಷ್ಯನೇ ಅರ್ಥವಾಗುತ್ತಿಲ್ಲ ಎನ್ನುತ್ತಾನೆ ಮಾಲೋನ್. ಹಿಂದಿನ ಗಿಡದ ಅಳತೆ ನೋಡು, ಮನುಷ್ಯನನ್ನು ಸೇರಿಸಿದ್ದೇ ಪ್ರಾಣಿಯ ಗಾತ್ರ ತೋರಿಸಲು ಎನ್ನುತ್ತಾನೆ ಚಾಲೆಂಜರ್. ಆಮೇಲೆ ಒಂದು ಮೂಳೆ. ಹೋಲಿಸಲು ಪಕ್ಕದಲ್ಲಿ ಮನುಷ್ಯನ ಪುಟ್ಟ ಮೂಳೆ. ಆಮೇಲೆ ದೋಣಿ ಮಗುಚಿದಾಗ ನೀರು ನುಗ್ಗಿ ಹಾಳಾದ ಫೋಟೋ. ಅದರಲ್ಲಿ ಮರದ ಮೇಲೆ ಕುಳಿತ ಟೆರೊಡ್ಯಾಕ್ಟಿಲ್ ಎಂಬ ಪುರಾತನ ಹಾರುವ ಪ್ರಾಣಿ ಮಾಲೋನ್‌ಗೆ ಪೆಲಿಕನ್ ಆಗಿ ಕಾಣುತ್ತದೆ! ಕೊನೆಗೆ ಒಂದು ರೆಕ್ಕೆಯ ತುಂಡು. ಮಾಲೋನ್ ಒಪ್ಪಿಕೊಂಡು ಹೊರಬಂದರೆ, ವಿಜ್ಞಾನ ಬಲ್ಲ ಅವನ ಗೆಳೆಯ ನಗುತ್ತಾನೆ. ಕೈಚಳಕವಿದ್ದವನು ಫೋಟೋವನ್ನಷ್ಟೇ ಅಲ್ಲ, ಮೂಳೆಯನ್ನೂ ನಕಲಿ ಮಾಡಬಲ್ಲ ಎಂಬುದು ಅವನ ವಾದ. ಪುಸ್ತಕ ಹೊರಬಂದ ಅದೇ ವರ್ಷದ ಡಿಸೆಂಬರ್‌ನಲ್ಲಿ ಡಾಯ್ಲ್ ವಾಸವಿದ್ದ ಸಸೆಕ್ಸ್ ಪ್ರಾಂತದಲ್ಲೇ ಮನುಷ್ಯನ ಪೂರ್ವಜ ಎನ್ನಲಾದ ಪಿಲ್ಟ್‌ಡೌನ್ ಮಾನವನ ತಲೆಬುರುಡೆ ‘ಸಿಕ್ಕಿತು’ ಎಂದು ಘೋಷಣೆಯಾಯಿತು. ಅದು ನಕಲಿ ಎಂದು ಸಾಬೀತಾಗಲು 1953ರವರೆಗೆ ಕಾಯಬೇಕಾಯಿತು. ಗೆಳೆಯನ ಮಾತು ಸುಳ್ಳಾಗಲಿಲ್ಲ.

ಸಾಹಸ ಮುಗಿದು ನಾಲ್ವರೂ ಲಂಡನ್ನಿಗೆ ಮರಳಿದ ಮೇಲೆ ಕ್ವೀನ್ಸ್ ಹಾಲ್‌ನಲ್ಲಿ ಸಭೆ. ಎಡಿನ್‌ಬರಾದ ಡಾಕ್ಟರ್ ಇಲ್ಲಿಂಗ್‌ವರ್ತ್ ಎದ್ದು ನಿಂತು, ಚಿತ್ರಗಳನ್ನು ಇಷ್ಟೊಂದು ಜಾಣತನದಿಂದ ತಿದ್ದುವ ಈ ಕಾಲದಲ್ಲಿ ಫೋಟೋವನ್ನು ಪುರಾವೆ ಎಂದು ಒಪ್ಪುವುದು ಹೇಗೆ ಎಂದು ಕೇಳುತ್ತಾನೆ. ನೂರಕ್ಕೂ ಹೆಚ್ಚು ವರ್ಷ ಹಳೆಯ ಪ್ರಶ್ನೆ, ಈ ಬೆಳಿಗ್ಗೆಯ ವಾಟ್ಸ್ಆಪ್ ಗುಂಪಿಗೂ ಹೊಂದುತ್ತದೆ. ಆಗ ಚಾಲೆಂಜರ್ ಪೆಟ್ಟಿಗೆಯೊಂದನ್ನು ತರಿಸಿ ಮುಚ್ಚಳ ಸರಿಸುತ್ತಾನೆ. ಜೀವಂತ ಟೆರೊಡ್ಯಾಕ್ಟಿಲ್ ಸಭಾಂಗಣದಲ್ಲಿ ಸುತ್ತಿ ಕಿಟಕಿಯಿಂದ ಹಾರಿಹೋಗುತ್ತದೆ. ಅಂದರೆ ಇದ್ದ ಒಂದೇ ಗಟ್ಟಿ ಸಾಕ್ಷ್ಯವೂ ಕೈತಪ್ಪಿತು. ಕಾವಲಿಗಿದ್ದ ಸೈನಿಕನೊಬ್ಬ ಬಂದೂಕು ಬಿಸುಟು ಓಡಿದವನು, ಚಂದ್ರನಿಗೂ ತನಗೂ ನಡುವೆ ಸೈತಾನನನ್ನು ಕಂಡೆ ಎಂದು ವಿಚಾರಣೆಯಲ್ಲಿ ಹೇಳುತ್ತಾನೆ. ಅವನನ್ನೂ ಯಾರೂ ನಂಬುವುದಿಲ್ಲ.

ಇಂಥ ಕಾದಂಬರಿಯನ್ನು ತೆರೆಗೆ ತರುವಾಗ ಮೊದಲ ದೃಶ್ಯದಲ್ಲೇ ಒಂದು ತೊಡಕಿದೆ. ತೆರೆಯ ಮೇಲೆ ಡೈನೋಸಾರ್ ನಡೆದ ಕ್ಷಣವೇ ಪ್ರೇಕ್ಷಕ ನಂಬಿಬಿಡುತ್ತಾನೆ, ಮಾಲೋನ್‌ನ ಅನುಮಾನಕ್ಕೆ ಬೆಲೆ ಉಳಿಯುವುದಿಲ್ಲ. ಇದನ್ನು ಎಲ್ಲರಿಗಿಂತ ಮೊದಲು ಬಳಸಿಕೊಂಡವನು ಸ್ವತಃ ಡಾಯ್ಲ್. 1922ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಜಾದೂಗಾರರ ಸಂಘದ ಔತಣಕೂಟ. ಕರೆದಿದ್ದವನು ಹ್ಯಾರಿ ಹೂಡಿನಿ. ಪ್ರೇತಗಳನ್ನು ನಂಬುವ ಡಾಯ್ಲ್‌ನನ್ನು ಒಳಗೊಳಗೇ ಗೇಲಿ ಮಾಡುತ್ತಿದ್ದ ಕಸುಬಿನವರೆಲ್ಲ ಅಲ್ಲಿದ್ದರು. ಡಾಯ್ಲ್ ಹೆಚ್ಚೇನೂ ವಿವರಿಸದೆ, ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ ಎಂದು ಹೇಳಿ, ಒಂದು ಸಣ್ಣ ರೀಲು ಓಡಿಸಿದ. ಡೈನೋಸಾರ್‌ಗಳು ಮೇಯುತ್ತಿದ್ದವು, ಕಾದಾಡುತ್ತಿದ್ದವು. ಮರುದಿನದ ‘ನ್ಯೂಯಾರ್ಕ್ ಟೈಮ್ಸ್’ ಇವು ಕೃತಕವಾಗಿದ್ದರೆ ಮೇರುಕೃತಿಗಳೇ ಸರಿ ಎಂಬರ್ಥದಲ್ಲಿ ಬರೆಯಿತು. ಆಮೇಲೆ ಡಾಯ್ಲ್ ಗುಟ್ಟು ಒಡೆದ: ತಯಾರಾಗುತ್ತಿರುವ ಸಿನಿಮಾದ ಪರೀಕ್ಷಾ ಚಿತ್ರಿಕೆ ಅದು. ತಮಾಷೆ ಏನೆಂದರೆ, ಜಾದೂಗಾರರನ್ನೇ ಬೆರಗುಗೊಳಿಸಿದ ಇದೇ ಮನುಷ್ಯ ಅದೇ ವರ್ಷ ಕಾಟಿಂಗ್ಲಿಯ ಇಬ್ಬರು ಹುಡುಗಿಯರು ತೆಗೆದ ಯಕ್ಷಿಣಿಯರ ಫೋಟೋಗಳನ್ನು ನಿಜವೆಂದು ಸಮರ್ಥಿಸಿ ಪುಸ್ತಕ ಪ್ರಕಟಿಸಿದ. ಅವು ಕಾಗದದಲ್ಲಿ ಕತ್ತರಿಸಿದ ಚಿತ್ರಗಳೆಂದು ಆ ಹುಡುಗಿಯರು ಮುದುಕಿಯರಾದ ಮೇಲೆ, 1983ರಲ್ಲಿ, ಒಪ್ಪಿಕೊಂಡರು. ಇಲ್ಲಿಂಗ್‌ವರ್ತ್‌ನ ಬಾಯಲ್ಲಿ ಆಡಿಸಿದ ಮಾತನ್ನು ಲೇಖಕನೇ ಕೇಳಿಸಿಕೊಂಡಿರಲಿಲ್ಲ.

ಆ ರೀಲಿನ ಹಿಂದಿದ್ದವನು ವಿಲ್ಲಿಸ್ ಓ’ಬ್ರಿಯನ್. 1925ರಲ್ಲಿ ಹ್ಯಾರಿ ಹಾಯ್ಟ್ ನಿರ್ದೇಶನದಲ್ಲಿ ಬಿಡುಗಡೆಯಾದ ಮೂಕಿ ಚಿತ್ರವನ್ನು ಇಂದಿಗೂ ನೋಡಿಸುವುದು ಅವನ ಕೈಕೆಲಸ. ಗೊಂಬೆಗಳನ್ನು ಮಾಡಿದವನು ಮಾರ್ಸೆಲ್ ಡೆಲ್ಗಾಡೊ. ಚಾರ್ಲ್ಸ್ ನೈಟ್ ಬಿಡಿಸಿದ ಪ್ರಾಗೈತಿಹಾಸಿಕ ಪ್ರಾಣಿಗಳ ವರ್ಣಚಿತ್ರಗಳನ್ನು ಮಾದರಿಯಾಗಿಟ್ಟುಕೊಂಡು, ಕೀಲುಗಳಿರುವ ಲೋಹದ ಅಸ್ಥಿಪಂಜರ ಕಟ್ಟಿ, ಅದರ ಮೇಲೆ ಸ್ನಾಯುಗಳಂತೆ ಹತ್ತಿ, ಸ್ಪಂಜು ತುಂಬಿ, ಮೇಲೆ ರಬ್ಬರಿನ ಚರ್ಮ ಹೊದಿಸುತ್ತಿದ್ದ. ಬಹುಪಾಲು ಗೊಂಬೆಗಳ ಉದ್ದ ಸುಮಾರು ಒಂದೂವರೆ ಅಡಿ. ಸ್ಟಾಪ್ ಮೋಷನ್ ಎಂದರೆ ಕಾಲನ್ನು ಕೂದಲೆಳೆಯಷ್ಟು ಸರಿಸು, ಒಂದು ಫ್ರೇಮ್ ತೆಗೆ, ಮತ್ತೆ ಸರಿಸು, ಮತ್ತೆ ತೆಗೆ. ಇಡೀ ದಿನ ದುಡಿದರೆ ತೆರೆಯ ಮೇಲೆ ಕೆಲವು ಸೆಕೆಂಡು. ನಾನು ವಿದ್ಯಾರ್ಥಿಗಳಿಗೆ ಚಿತ್ರ ನಿಲ್ಲಿಸಿ ತೋರಿಸುವ ಜಾಗ ಕಾಳಗದ್ದಲ್ಲ. ಉದ್ದ ಕತ್ತಿನ ಬ್ರಾಂಟೊಸಾರಸ್ ಸುಮ್ಮನೆ ನಿಂತಾಗ ಅದರ ಪಕ್ಕೆ ಮೆಲ್ಲಗೆ ಉಬ್ಬಿ ಇಳಿಯುತ್ತದೆ. ಗೊಂಬೆಯ ಹೊಟ್ಟೆಯೊಳಗೆ ಡೆಲ್ಗಾಡೊ ಗಾಳಿಚೀಲ ಇಟ್ಟಿದ್ದ. ಪ್ರತಿ ಫ್ರೇಮಿಗೂ ಅದಕ್ಕೆ ಒಂದಿಷ್ಟು ಗಾಳಿ ತುಂಬಬೇಕು ಅಥವಾ ಬಿಡಬೇಕು. ಕಥೆಗೆ ಆ ಉಸಿರಾಟ ಬೇಕಿರಲಿಲ್ಲ. ಯಾರೂ ಕೇಳಿರಲೂ ಇಲ್ಲ. ಆದರೆ ಪ್ರಾಣಿ ಬದುಕಿದೆ ಎಂದು ಪ್ರೇಕ್ಷಕನಿಗೆ ಅನಿಸುವುದು ಗರ್ಜನೆಯಿಂದಲ್ಲ, ಆ ಪಕ್ಕೆಯಿಂದ.

ಇದಕ್ಕೆ ಬೆಲೆ ತೆತ್ತದ್ದು ಕಥೆ. ಕಾದಂಬರಿಯ ಕೊನೆಯಲ್ಲಿ ಕಿಟಕಿಯಿಂದ ನುಸುಳುವ ಟೆರೊಡ್ಯಾಕ್ಟಿಲ್ ಬದಲು ಸಿನಿಮಾದಲ್ಲಿ ಬ್ರಾಂಟೊಸಾರಸ್ ಲಂಡನ್ ಬೀದಿಗಳಲ್ಲಿ ಓಡಾಡಿ, ಟವರ್ ಬ್ರಿಜ್ ಮುರಿದು, ಥೇಮ್ಸ್ ನದಿಯಲ್ಲಿ ಈಜಿ ಹೋಗುತ್ತದೆ. ಕಸುಬುದಾರನಾಗಿ ನನಗೆ ಇದರ ತರ್ಕ ಅರ್ಥವಾಗುತ್ತದೆ. ಹಾರುವ ಗೊಂಬೆಯನ್ನು ತಂತಿಯಲ್ಲಿ ತೂಗುಬಿಟ್ಟು ಫ್ರೇಮ್ ಫ್ರೇಮಿಗೂ ಹಿಡಿದಿಡುವುದು ನರಕ; ನೆಲದ ಮೇಲೆ ನಡೆಯುವ ದೊಡ್ಡ ಪ್ರಾಣಿಯ ಪಕ್ಕ ಕಟ್ಟಡವೊಂದಿದ್ದರೆ ಗಾತ್ರ ತಾನಾಗಿ ತಿಳಿಯುತ್ತದೆ. ಆದರೆ ಅನುಮಾನಕ್ಕೆ ಎಡೆಯಿದ್ದ ಕಥೆ ಅಲ್ಲಿಗೆ ಮುಗಿಯಿತು. ಸೇತುವೆ ಮುರಿದ ಪ್ರಾಣಿಯನ್ನು ಇಲ್ಲ ಎನ್ನುವವರು ಯಾರು? ಅಲ್ಲಿಂದ ಮುಂದೆ ‘ನಗರಕ್ಕೆ ನುಗ್ಗಿದ ಮೃಗ’ ಎಂಬುದೇ ಒಂದು ಸಿದ್ಧ ಕಥೆಯಾಯಿತು. 1933ರಲ್ಲಿ ಓ’ಬ್ರಿಯನ್ ಮತ್ತು ಡೆಲ್ಗಾಡೊ ಸೇರಿ ‘ಕಿಂಗ್ ಕಾಂಗ್’ ಮಾಡಿದರು. 1997ರಲ್ಲಿ ಸ್ಪೀಲ್‌ಬರ್ಗ್ ಇದೇ ಶೀರ್ಷಿಕೆಯ ತನ್ನ ಚಿತ್ರದಲ್ಲಿ ಟಿ-ರೆಕ್ಸ್ ಅನ್ನು ಹಡಗಿನಲ್ಲಿ ಸ್ಯಾನ್ ಡಿಯಾಗೊಗೆ ತಂದ. ಶೀರ್ಷಿಕೆ ಡಾಯ್ಲ್‌ನದು, ಆ ದೃಶ್ಯದ ಮೂಲಪುರುಷ ಓ’ಬ್ರಿಯನ್.

1925ರ ಚಿತ್ರ ಇನ್ನೊಂದು ಪದ್ಧತಿಯನ್ನೂ ಹಾಕಿಕೊಟ್ಟಿತು. ಕಾದಂಬರಿಯ ತಂಡದಲ್ಲಿ ಹೆಂಗಸರಿಲ್ಲ. ಸಿನಿಮಾ ಮೇಪಲ್ ವೈಟ್‌ಗೆ ಪೌಲಾ ಎಂಬ ಮಗಳನ್ನು ಕೊಟ್ಟು ಅವಳನ್ನೂ ಹೊರಡಿಸಿತು. ಅಂದಿನಿಂದ ಹೆಚ್ಚುಕಡಿಮೆ ಪ್ರತಿ ರೂಪಾಂತರದಲ್ಲೂ ಒಬ್ಬಳು ಸೇರಿಕೊಳ್ಳುತ್ತಾಳೆ, ಅನೇಕ ಸಲ ಕಿರುಚುವುದಕ್ಕೆಂದೇ.

ಆ ಚಿತ್ರದ ಗತಿಯೂ ವಿಚಿತ್ರ. 1929ರ ಹೊತ್ತಿಗೆ ಅದನ್ನು ಪ್ರದರ್ಶನದಿಂದ ಹಿಂದೆಗೆದು ಪ್ರತಿಗಳನ್ನು ನಾಶ ಮಾಡಲಾಯಿತು. ದಶಕಗಳ ಕಾಲ ಜನ ನೋಡಿದ್ದು ಮನೆಯಲ್ಲಿ ತೋರಿಸಲು ಅರ್ಧದಷ್ಟು ಕತ್ತರಿಸಿದ ಕೋಡಾಸ್ಕೋಪ್ ಪ್ರತಿಯನ್ನು. ಝೆಕ್ ದೇಶದ ಸಂಗ್ರಹಾಗಾರದಲ್ಲಿ ಸಿಕ್ಕ ಪ್ರತಿಯೂ ಸೇರಿದಂತೆ ಅಲ್ಲಲ್ಲಿ ಉಳಿದ ತುಣುಕುಗಳನ್ನು ಹೊಂದಿಸಿ ಚಿತ್ರವನ್ನು ಮತ್ತೆ ಕಟ್ಟುವ ಕೆಲಸ 1990ರ ದಶಕದಿಂದ ನಡೆದು, 2016ರಲ್ಲಿ ಇನ್ನಷ್ಟು ತುಂಬಿದ ಆವೃತ್ತಿ ಹೊರಬಂತು. ಗೊಂಬೆಯ ಪಕ್ಕೆ ಉಸಿರಾಡುವುದು ನಮಗೆ ಇಂದು ಸ್ಪಷ್ಟವಾಗಿ ಕಾಣುವುದು ಈ ಸಂಗ್ರಹಕಾರರ ದಯೆಯಿಂದ.

1960ರ ಬಣ್ಣದ, ಸಿನಿಮಾಸ್ಕೋಪ್ ರೂಪಾಂತರದ ಬಗ್ಗೆ ಬರೆಯಲು ನನಗೆ ಕೋಪವೇ ಬರುತ್ತದೆ. ನಿರ್ದೇಶಕ ಅರ್ವಿನ್ ಆಲೆನ್, ಚಾಲೆಂಜರ್ ಆಗಿ ಕ್ಲಾಡ್ ರೇನ್ಸ್. ದೃಶ್ಯ ಪರಿಣಾಮಗಳ ಸಲಹೆಗೆಂದು ಎಪ್ಪತ್ತು ದಾಟಿದ್ದ ಓ’ಬ್ರಿಯನ್‌ನನ್ನೇ ಕರೆಸಿಕೊಂಡಿದ್ದರು. ಆದರೆ ಗೊಂಬೆಗಳಿಗೆ ಹಣವಿಲ್ಲ ಎಂದು, ಬದುಕಿದ್ದ ಉಡ, ಇಗ್ವಾನಾ, ಮೊಸಳೆಗಳಿಗೆ ಕೊಂಬು, ಬೆನ್ನುರೆಕ್ಕೆ ಅಂಟಿಸಿ ಡೈನೋಸಾರ್ ಎಂದು ಕರೆದರು. ಪ್ರಾಣಿಹಿಂಸೆಯ ಮಾತು ಒತ್ತಟ್ಟಿಗಿರಲಿ, ಅದು ಕಣ್ಣಿಗೆ ಒಪ್ಪುವುದೂ ಇಲ್ಲ. ಏಕೆಂದು ಸ್ವಲ್ಪ ವಿವರಿಸುತ್ತೇನೆ.

ಉಡದ ಕಾಲುಗಳು ಮೈಯ ಪಕ್ಕಕ್ಕೆ ಚಾಚಿರುತ್ತವೆ, ಡೈನೋಸಾರ್‌ನ ಕಾಲುಗಳು ಕಂಬಗಳ ಹಾಗೆ ನೇರವಾಗಿ ಮೈಯ ಕೆಳಗಿದ್ದವು. ನಡಿಗೆಯೇ ಬೇರೆ. ಎರಡನೆಯದು ಕಾಲಮಾನ. ಒಂದು ವಸ್ತು ಬೀಳಲು ಹಿಡಿಯುವ ಸಮಯ ಎತ್ತರದ ವರ್ಗಮೂಲದಂತೆ ಹೆಚ್ಚುತ್ತದೆ. ಒಂದು ಮೀಟರ್ ಉದ್ದದ ಉಡವನ್ನು 25 ಮೀಟರಿನ ಪ್ರಾಣಿ ಎಂದು ನಂಬಿಸಬೇಕಾದರೆ ಅದರ ಚಲನೆ ಐದು ಪಟ್ಟು ನಿಧಾನವಾಗಬೇಕು. ಸೆಕೆಂಡಿಗೆ 24 ಫ್ರೇಮ್ ಬದಲು 120 ತೆಗೆಯಬೇಕು. ತೆಗೆದರೂ ಉಡ ನಾಲಗೆ ಚಾಚುವ ರಭಸ, ಕತ್ತು ಹೊರಳಿಸುವ ಚುರುಕು ಅದರ ನಿಜ ಗಾತ್ರವನ್ನು ಹೇಳಿಬಿಡುತ್ತವೆ. ನೀರು, ಧೂಳು ಇನ್ನೂ ದೊಡ್ಡ ಚಾಡಿಕೋರರು. ನೀರಿನ ಹನಿಯನ್ನು ಯಾವ ಸೆಟ್ಟಿನಲ್ಲೂ ಚಿಕ್ಕದು ಮಾಡಲಾಗದು. ಓ’ಬ್ರಿಯನ್ ಎರಡು ವರ್ಷಗಳ ನಂತರ ತೀರಿಕೊಂಡ. ಈ ಚಿತ್ರದ ಉಡಗಳನ್ನು ಮಾತ್ರ ಆಲೆನ್ ತನ್ನ ಟಿವಿ ಸರಣಿಯಲ್ಲಿ ಮತ್ತೆ ಬಳಸಿಕೊಂಡ.

ಆಮೇಲಿನ ಮೂವತ್ತು ವರ್ಷಗಳಲ್ಲಿ ಕಷ್ಟಕ್ಕೆ ಸಿಕ್ಕಿದ್ದು ಪ್ರಸ್ಥಭೂಮಿ. 1884ರಲ್ಲಿ ಬ್ರಿಟಿಷ್ ಅನ್ವೇಷಕ ಎವರಾರ್ಡ್ ಇಮ್ ಥರ್ನ್ ದಕ್ಷಿಣ ಅಮೆರಿಕದ ರೊರೈಮಾ ಪರ್ವತ ಹತ್ತಿದಾಗ, ಅದರ ಸಮತಟ್ಟಾದ ನೆತ್ತಿಯ ಮೇಲೆ ಏನಿದೆಯೋ ಎಂಬ ಕುತೂಹಲ ಇಂಗ್ಲೆಂಡಿನಲ್ಲಿ ನಿಜವಾಗಿಯೂ ಇತ್ತು. ವಿಮಾನ, ಉಪಗ್ರಹಗಳ ಕಾಲದಲ್ಲಿ ಕಾಣದ ಬೆಟ್ಟವನ್ನು ಎಲ್ಲಿಂದ ತರುವುದು? 1992ರ ಚಿತ್ರ ಆಫ್ರಿಕಾಕ್ಕೆ ಹೋಯಿತು, 1998ರದು ಮಂಗೋಲಿಯಾಕ್ಕೆ. ಎರಡರ ಬಗ್ಗೆಯೂ ಹೇಳುವಂಥದ್ದು ಹೆಚ್ಚಿಲ್ಲ. 1999ರಿಂದ 2002ರವರೆಗೆ ನಡೆದ 66 ಕಂತುಗಳ ಸರಣಿ ಬೆಟ್ಟದಿಂದ ಇಳಿಯುವುದನ್ನೇ ಮರೆತು ಹಲ್ಲಿಮನುಷ್ಯರವರೆಗೂ ಹೋಗಿ ನಡುದಾರಿಯಲ್ಲಿ ನಿಂತಿತು. ಸಮಸ್ಯೆಗೆ ಜಾಣ ಪರಿಹಾರ ಕಂಡುಕೊಂಡವನು ‘ಜುರಾಸಿಕ್ ಪಾರ್ಕ್’ ಬರೆದ ಮೈಕೆಲ್ ಕ್ರೈಟನ್. ಡೈನೋಸಾರ್ ಎಲ್ಲಿಯೂ ಉಳಿದಿಲ್ಲ, ಪ್ರಯೋಗಾಲಯದಲ್ಲಿ ಹುಟ್ಟಿಸಿದ್ದು ಎಂದ. ಋಣಕ್ಕೆ ಗುರುತಾಗಿ 1995ರ ತನ್ನ ಕಾದಂಬರಿಗೆ ಡಾಯ್ಲ್‌ನ ಶೀರ್ಷಿಕೆಯನ್ನೇ ಇಟ್ಟ.

2001ರ ಕ್ರಿಸ್‌ಮಸ್‌ಗೆ ಬಿಬಿಸಿ ಎರಡು ಭಾಗಗಳಲ್ಲಿ ಪ್ರಸಾರ ಮಾಡಿದ ರೂಪಾಂತರ ಇವೆಲ್ಲಕ್ಕಿಂತ ನನಗೆ ಹತ್ತಿರ. ಬಾಬ್ ಹಾಸ್ಕಿನ್ಸ್‌ನ ಚಾಲೆಂಜರ್ ಕುಳ್ಳ, ದಪ್ಪ, ಮುಂಗೋಪಿ. ‘ವಾಕಿಂಗ್ ವಿತ್ ಡೈನೋಸಾರ್ಸ್’ ಸರಣಿಯ ಹಿಂದಿದ್ದ ಟಿಮ್ ಹೇನ್ಸ್ ಇಲ್ಲಿಯೂ ಇದ್ದುದರಿಂದ ಕಂಪ್ಯೂಟರಿನ ಡೈನೋಸಾರ್‌ಗಳು ವನ್ಯಜೀವಿ ಸಾಕ್ಷ್ಯಚಿತ್ರದ ಪ್ರಾಣಿಗಳಂತೆ ತಮ್ಮ ಪಾಡಿಗೆ ತಾವು ಬದುಕುತ್ತವೆ. ಚಿತ್ರಕಥೆಯವರ ಎರಡು ತೀರ್ಮಾನಗಳನ್ನು ಗಮನಿಸಿ. ಕಾದಂಬರಿಯಲ್ಲಿ ಮರದ ಸೇತುವೆ ಬೀಳಿಸಿ ತಂಡವನ್ನು ಬೆಟ್ಟದ ಮೇಲೆ ಸಿಕ್ಕಿಸುವವನು ಗೊಮೆಜ್, ಅಣ್ಣತಮ್ಮನ ಸಾವಿನ ಸೇಡಿಗೆ. ಆ ಪಾತ್ರದಲ್ಲಿರುವ ಅಂದಿನ ಜನಾಂಗೀಯ ತಾತ್ಸಾರ ಇಂದು ಓದಲು ಮುಜುಗರವಾಗುತ್ತದೆ. ಬಿಬಿಸಿ ಅವನ ಜಾಗಕ್ಕೆ ಒಬ್ಬ ಪಾದ್ರಿಯನ್ನು ತಂದಿತು, ಪಾತ್ರಧಾರಿ ಪೀಟರ್ ಫಾಕ್. ವಿಕಾಸವಾದಕ್ಕೆ ಪುರಾವೆ ಕೆಳಗಿಳಿದು ಬರಬಾರದೆಂದು ಅವನು ದಾರಿ ಕಡಿಯುತ್ತಾನೆ. ಪುರಾವೆಯ ಪ್ರಶ್ನೆ ಕಥೆಗೆ ಮರಳಿತು. ಎರಡನೆಯದು ಅಂತ್ಯ. ಲಂಡನ್ನಿನ ಸಭೆಯಲ್ಲಿ ಹಾರುವ ಪ್ರಾಣಿಯನ್ನು ತೋರಿಸಿಯೂ ಆಗಿದೆ. ಜಗತ್ತು ಅಲ್ಲಿಗೆ ಬಂದೂಕು ಹಿಡಿದು ಓಡುತ್ತದೆ ಎಂದು ಅರಿತು, ತಂಡದವರೇ ಎಲ್ಲವೂ ಕಟ್ಟುಕಥೆ ಎಂದುಬಿಡುತ್ತಾರೆ. ಡಾಯ್ಲ್‌ನ ಚಾಲೆಂಜರ್ ಸತ್ತರೂ ಹೇಳದ ಮಾತು ಅದು. ಮೂಲವನ್ನು ಉಲ್ಟಾ ಮಾಡಿದರೂ ಮೂಲದ ಜಗಳಕ್ಕೆ ನಿಷ್ಠವಾಗಿರುವ ರೂಪಾಂತರ ಎಂದರೆ ನನ್ನ ಲೆಕ್ಕದಲ್ಲಿ ಇದೇ.

ಇನ್ನೂ ಯಾರಾದರೂ ಮಾಡುವುದಾದರೆ, ಮುಟ್ಟಬೇಕಾದದ್ದು ಮಾಲೋನ್‌ನ ಪತ್ರಗಳನ್ನು. ಕಾಡಿನ ಸಾಹಸದ ಬಹುಪಾಲು ಅವನು ಅಲ್ಲಿಂದ ಸಂಪಾದಕನಿಗೆ ಬರೆದ ವರದಿಗಳ ರೂಪದಲ್ಲಿದೆ. ಬರೆಯುವಾಗ ತಾನು ಬದುಕಿ ಬರುತ್ತೇನೆಂದು ಅವನಿಗೇ ಗೊತ್ತಿಲ್ಲ. ರೇಡಿಯೋ ನಾಟಕಗಳಿಗೆ ಇದು ಒದಗಿಬಂದಿರುವುದು ಸಹಜ, ಅಲ್ಲಿ ಕೇಳುಗನೂ ಏನನ್ನೂ ಕಂಡಿರುವುದಿಲ್ಲ. ತೆರೆಯ ಮೇಲಾದರೆ ನಾನು ಸ್ಕೆಚ್ ಪುಸ್ತಕ, ಮೂಳೆ, ಪೆಲಿಕನ್‌ನಂಥ ಮಸುಕು ಫೋಟೋ ಇವುಗಳಲ್ಲೇ ಬಹಳ ಹೊತ್ತು ಕಳೆಯುತ್ತೇನೆ. ಕಾದಂಬರಿಯಲ್ಲಿ ಇಗ್ವಾನೊಡಾನ್ ಒಂದರ ಚರ್ಮದ ಮೇಲೆ ಡಾಂಬರಿನ ಕಲೆ ಕಂಡು ತಂಡದ ಬೇಟೆಗಾರ ರಾಕ್ಸ್‌ಟನ್ ತಲೆ ಕೆರೆದುಕೊಳ್ಳುತ್ತಾನೆ. ಅಲ್ಲಿನ ಜನ ತಮ್ಮ ಸಾಕುಪ್ರಾಣಿಗೆ ಹಾಕಿದ ಗುರುತು ಅದು ಎಂದು ತಿಳಿಯುವುದು ಬಹಳ ನಂತರ. ನನ್ನ ಚಿತ್ರದಲ್ಲಿ ಮೊದಲು ಕಾಣುವ ಡೈನೋಸಾರ್ ಆ ಕಲೆಯಷ್ಟೇ ಆಗಿರುತ್ತದೆ. ನಿರ್ಮಾಪಕರೊಬ್ಬರಿಗೆ ಇದನ್ನು ವಿವರಿಸಿದಾಗ ಪೂರ್ತಿ ಪ್ರಾಣಿ ಯಾವ ನಿಮಿಷಕ್ಕೆ ಬರುತ್ತದೆ ಎಂದು ಕೇಳಿದರು. ಐವತ್ತನೆಯ ನಿಮಿಷಕ್ಕೆ ಎಂದೆ. ಟ್ರೇಲರ್‌ನಲ್ಲಿ ಏನು ಹಾಕುವುದು ಎಂದರು.