ವಾಚ್ ಕಟ್ಟಿ ಶುಗರ್ ನೋಡುವವರಿಗೆ

ಬದಿಯಡ್ಕ ಕಡೆಯ ಅಜ್ಜಿಯೊಬ್ಬರು ಕಳೆದ ಮಳೆಗಾಲದಲ್ಲಿ ನನ್ನಲ್ಲಿಗೆ ಬಂದರು. ತೋಟದಲ್ಲಿ ಅಡಿಕೆ ಹೆಕ್ಕುವಾಗ ಕಾಲಿಗೆ ಮುಳ್ಳು ತಾಗಿ ಆದ ಗಾಯ ಮೂರು ವಾರವಾದರೂ ಒಣಗಿರಲಿಲ್ಲ. ಶುಗರ್ ಎಷ್ಟಿದೆ ಅಂತ ಕೇಳಿದೆ. ಕೈ ಚಾಚಿ ವಾಚ್ ತೋರಿಸಿದರು.

“ಐದು ಪಾಯಿಂಟ್ ಎಂಟು ಡಾಕ್ಟ್ರೇ. ಮಗ ದುಬೈಯಿಂದ ಕಳಿಸಿದ್ದು. ಚುಚ್ಚುವುದೇ ಬೇಡ.”

ಆ ವಾಚ್ ತೋರಿಸಿದ್ದು ಬೇರೆ ಅಳತೆಯಲ್ಲಿ (mmol/L); 5.8 ಅನ್ನು 18ರಿಂದ ಗುಣಿಸಿದರೆ ನಮ್ಮ ಲೆಕ್ಕದಲ್ಲಿ (mg/dL) ಸುಮಾರು 104. ಬೆರಳು ಚುಚ್ಚಿ ನೋಡಿದರೆ 312! ವಾಚ್ ನಂಬಿ ಎರಡು ತಿಂಗಳಿಂದ ರಾತ್ರಿಯ ಮಾತ್ರೆ ಬಿಟ್ಟಿದ್ದರು.

ಆ ವಾಚನ್ನು ಮೇಜಿನ ಮೇಲಿದ್ದ ನೇಂದ್ರ ಬಾಳೆಹಣ್ಣಿಗೆ ಸುತ್ತಿದೆ. ಅದಕ್ಕೂ 5.6 ತೋರಿಸಿತು. ಅಜ್ಜಿಯ ಮುಖ ಬಾಡಿತು. ಮಗ ಪ್ರೀತಿಯಿಂದ ಕಳಿಸಿದ್ದು ಅಲ್ವಾ.

ಕುಂಬಳೆ, ಉಪ್ಪಳ ಕಡೆಯಿಂದಲೂ ಇಂಥ ವಾಚ್ ಕಟ್ಟಿಕೊಂಡು ಜನ ಬರುತ್ತಾರೆ. ಬೇಡ ಎಂದರೆ ಒಂದೇ ಉತ್ತರ: “ನೆರೆಮನೆಯವರ ವಾಚಿನಲ್ಲಿ ಸರಿಯಾಗಿ ಬರ್ತದಲ್ಲ?” ಬರುತ್ತದೆ. ಆದರೆ ಅವರ ತೋಳಿನ ಹಿಂಬದಿಯಲ್ಲಿ ನಾಣ್ಯದಷ್ಟು ದೊಡ್ಡ ಸೆನ್ಸರ್ ಅಂಟಿಕೊಂಡಿರುತ್ತದೆ. ಅದರ ಕೂದಲಿನಂಥ ಎಳೆ ಚರ್ಮದೊಳಗೆ ಸುಮಾರು 5 ಮಿಲಿಮೀಟರ್ ಇಳಿದಿರುತ್ತದೆ. ಶುಗರ್ ಅಳೆಯುವುದು ಆ ಎಳೆ. ಅಂಕಿ ಅಲ್ಲಿಂದ ಫೋನಿಗೆ, ಫೋನಿನಿಂದ ವಾಚಿಗೆ ಬರುತ್ತದೆ. ವಾಚ್ ಶುಗರ್ ಅಳೆಯುವುದಿಲ್ಲ, ಬಂದ ಅಂಕಿಯನ್ನು ತೋರಿಸುತ್ತದೆ ಅಷ್ಟೇ. ತೋಳಿನ ಸೆನ್ಸರ್ ತೆಗೆದರೆ ವಾಚಿನ ಅಂಕಿಯೂ ಹೋಯಿತು. ನಿಮ್ಮ ತೋಳಿನಲ್ಲಿ ಏನೂ ಇಲ್ಲ ಅಂದಮೇಲೆ ನಿಮ್ಮ ವಾಚಿಗೆ ಅಂಕಿ ಎಲ್ಲಿಂದ ಬಂತು?

ವಾಚಿನ ಅಡಿಯ ಹಸಿರು ಬೆಳಕು ನಾಡಿಬಡಿತ ಎಣಿಸಬಲ್ಲದು. ಸಕ್ಕರೆಯ ಕತೆ ಬೇರೆ. ಶುಗರ್ 100 ಎಂದರೆ ಒಂದು ಲೀಟರ್ ರಕ್ತದಲ್ಲಿ ಬರೀ 1 ಗ್ರಾಂ. ಚರ್ಮ, ನೀರು, ಕೊಬ್ಬು ಎಲ್ಲ ದಾಟಿ ಬೆಳಕಿನಿಂದ ಅದನ್ನು ಹುಡುಕುವುದು ಬಹಳ ಕಷ್ಟ. ಚರ್ಮ ಚುಚ್ಚದೆ ತಾನಾಗಿ ಶುಗರ್ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು. ಪ್ರಯತ್ನ ನಡೆಯುತ್ತಲೇ ಇದೆ. ಮುಂದೆ ಬಂದರೆ ನಾನೇ ಮೊದಲು ಬರೆದುಕೊಡುತ್ತೇನೆ.

ತೋಳಿನ ಸೆನ್ಸರ್ ಒಳ್ಳೆಯದೇ. ಅಂಟಿಸುವಾಗ ಇರುವೆ ಕಚ್ಚಿದಷ್ಟು ನೋವು, ಮತ್ತೆ ಎರಡು ವಾರ ಚಿಂತೆಯಿಲ್ಲ. ದಿನಕ್ಕೆ ಹಲವು ಸಲ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ತುಂಬ ಉಪಕಾರ. ಬರೀ ಮಾತ್ರೆಯಲ್ಲಿರುವ ಎಲ್ಲರಿಗೂ ಬೇಕೆಂದಿಲ್ಲ, ನಿಮ್ಮ ಡಾಕ್ಟರರನ್ನು ಕೇಳಿ. ಅದು ನೋಡುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ನೀರನ್ನು. ಹಾಗಾಗಿ ರಕ್ತಕ್ಕಿಂತ 5ರಿಂದ 15 ನಿಮಿಷ ಹಿಂದೆ ಇರುತ್ತದೆ. ಆ ತೋಳಿನ ಮೇಲೆ ಮಲಗಿದರೂ ಸುಮ್ನೆ ಕಡಿಮೆ ತೋರಿಸುತ್ತದೆ. ಶುಗರ್ ಇಳಿದಾಗ ಆಗುವಂತೆ ಬೆವರು, ನಡುಕ ಬಂದು ಸೆನ್ಸರ್ ಎಲ್ಲ ಸರಿ ಎಂದರೆ ಬೆರಳು ಚುಚ್ಚಿಯೇ ನೋಡಿ. ತುದಿಗೆ ಬೇಡ, ಬದಿಗೆ ಚುಚ್ಚಿ. ನೋವು ಕಡಿಮೆ.

ಅಜ್ಜಿಯ ಗಾಯ ಒಣಗಲು ಮತ್ತೆ ಎರಡು ತಿಂಗಳು ಹಿಡಿಯಿತು. ವಾಚ್ ಈಗಲೂ ಕೈಯಲ್ಲಿದೆ, ಗಂಟೆ ನೋಡಲು. ದುಬೈಯಿಂದ ಮಗ ಫೋನ್ ಮಾಡಿ, ಅದರ ಬದಲು ಏನು ಕಳಿಸಲಿ ಎಂದು ಕೇಳಿದರು. ಬೆರಳು ಚುಚ್ಚಿ ಶುಗರ್ ನೋಡುವ ಸ್ಟ್ರಿಪ್ಪಿಗೆ ತಿಂಗಳ ದುಡ್ಡು ಕಳಿಸಿ ಎಂದೆ.